ಬೆನ್ನಿನ ಪರದೆ

ಬೆಟಗೇರಿಯ ಸಕ್ರಪ್ಪ ಪೇಂಟರ್ ತೀರಿಕೊಂಡು ಎಂಟು ವರ್ಷಗಳಾದ ಮೇಲೆ ಅವನಿಗೊಬ್ಬ ಪ್ರೇಯಸಿ ಹುಟ್ಟಿಕೊಂಡಳು.

ಹುಟ್ಟಿಸಿದವರು ವಿರೂಪಾಕ್ಷಪ್ಪನವರು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಲೆ ಅವರಿಗೆ ಹಳೆಯ ನಾಟಕ ಕಂಪನಿಗಳ ಪರದೆಗಳನ್ನು ಹುಡುಕಿ ಕೂಡಿಸುವ ಹುಚ್ಚು ಹಿಡಿದಿತ್ತು. ಶಿರಹಟ್ಟಿಯ ಹತ್ತಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ, ಹರಿದ ತಾಡಪಾಲುಗಳ ಕೆಳಗೆ, ಇಪ್ಪತ್ತು ಅಡಿ ಅಗಲದ ಒಂದು ಪರದೆಯ ಸುರುಳಿ ಅವರಿಗೆ ಸಿಕ್ಕಿತು. ಬಿಚ್ಚಿ ನೋಡಿದರೆ ನದಿ. ದಂಡೆಯ ಕಲ್ಲಿನ ಮೇಲೆ ನೋಡುವವರಿಗೆ ಬೆನ್ನು ಮಾಡಿ ಕುಳಿತ ಒಬ್ಬ ಹೆಣ್ಣುಮಗಳು. ಒದ್ದೆ ಕೂದಲನ್ನು ಒಂದೇ ಭುಜದ ಮೇಲಿಂದ ಮುಂದಕ್ಕೆ ಎಳೆದುಕೊಂಡಿದ್ದಾಳೆ. ಕತ್ತಿನ ಹಿಂಭಾಗ ಬರಿದಾಗಿದೆ, ಕುಪ್ಪಸ ತೊಯ್ದು ಬೆನ್ನಿಗೆ ಅಂಟಿದೆ. ಮುಖವಿಲ್ಲ, ಕೆನ್ನೆಯ ಒಂದು ಗೆರೆ ಮಾತ್ರ. ಕೆಳಗೆ ಮೂಲೆಯಲ್ಲಿ ‘ಸಕ್ರಪ್ಪ ಪೇಂಟರ್, ಬೆಟಗೇರಿ, ೧೯೮೦’ ಎಂದು ಬರೆದಿತ್ತು.

ಡಿಸೆಂಬರಿನಲ್ಲಿ ಗದಗಿನಲ್ಲಿ ಪರದೆಗಳ ಪ್ರದರ್ಶನ ನಡೆಯಿತು. ಸಕ್ರಪ್ಪನ ಮನೆಯವರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿದ್ದರು. ಅವನ ಹೆಂಡತಿ ಗದಿಗೆವ್ವ, ಮಗನ ಮಗಳು ಅಂಕಿತಾ, ಮತ್ತು ತಂಗಿ ಸುಮಿತ್ರವ್ವ. ಸುಮಿತ್ರವ್ವನಿಗೆ ಅರವತ್ತಾರು. ಮದುವೆಯಾದವಳಲ್ಲ. ಅಣ್ಣನ ಸಂಸಾರ ಗದಗಿಗೆ ಹೋದ ಮೇಲೂ ಬೆಟಗೇರಿಯ ಎರಡು ಕೋಣೆಯ ಹಳೆಯ ಮನೆಯಲ್ಲಿ ಒಬ್ಬಳೇ ಉಳಿದು, ಓಣಿಯವರ ಕುಪ್ಪಸ ಹೊಲಿದು ಬದುಕಿದವಳು.

ವಿರೂಪಾಕ್ಷಪ್ಪನವರು ಆ ಪರದೆಯ ಮುಂದೆ ನಿಂತು ಬಹಳ ಹೊತ್ತು ಮಾತಾಡಿದರು.

“ಕಲಾವಿದ ಈಕೆಯ ಮುಖವನ್ನು ಯಾಕೆ ಬರೆಯಲಿಲ್ಲ? ಆಕೆ ಅವನಿಗೆ ಸಿಗಲಿಲ್ಲ. ಅದಕ್ಕೇ ಆಕೆ ತಿರುಗುವುದಿಲ್ಲ. ಇದು ಒಬ್ಬ ಗಂಡಸಿನ ಹಂಬಲ. ಈ ಕತ್ತನ್ನು ದಿನಗಟ್ಟಲೆ ಹತ್ತಿರದಿಂದ ನೋಡದ ಮನುಷ್ಯ ಹೀಗೆ ಬರೆಯಲಾರ. ಸಕ್ರಪ್ಪನವರ ಬದುಕಿನಲ್ಲಿ ಯಾರೋ ಒಬ್ಬಳಿದ್ದಳು. ಆಕೆಯ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.”

ಜನ ಚಪ್ಪಾಳೆ ತಟ್ಟಿದರು. ಸುಮಿತ್ರವ್ವನ ಕಿವಿ ಬಿಸಿಯಾಗಿತ್ತು. ನಲವತ್ತನಾಲ್ಕು ವರ್ಷಗಳಲ್ಲಿ ಮೊದಲ ಸಲ ಒಬ್ಬರು ಆ ಚಿತ್ರವನ್ನು ಸರಿಯಾಗಿ ಓದಿದ್ದರು. ಒಂದೇ ಒಂದು ಶಬ್ದ ತಪ್ಪಿತ್ತು. ಚಿತ್ರ ಬರೆದದ್ದು ಗಂಡಸಲ್ಲ, ಸುಮಿತ್ರವ್ವ.

ಖುಷಿಯೋ ಹೆದರಿಕೆಯೋ ತಿಳಿಯದೆ ಪಕ್ಕಕ್ಕೆ ತಿರುಗಿದಳು. ಗದಿಗೆವ್ವ ಚಪ್ಪಾಳೆ ತಟ್ಟಿರಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪರದೆಯ ಮೇಲಿನ ಹೆಂಗಸನ್ನು ಮನೆಗೆ ನುಗ್ಗಿದವಳನ್ನು ನೋಡುವಂತೆ ನೋಡುತ್ತಿದ್ದಳು.

ಆಟೊದಲ್ಲಿ ಕುಳಿತ ಮೇಲೆ ಕೇಳಿಯೇಬಿಟ್ಟಳು. “ಸುಮಿತ್ರಾ, ನಾ ಈ ಮನಿಗೆ ಬಂದದ್ದು ಅದು ಬರದ ಎರಡು ವರ್ಷಕ್ಕ. ನೀ ಆಗ ಮನ್ಯಾಗ ಇದ್ದಿ. ಅಕಿ ಯಾರು?”

“ನನಗ ಗೊತ್ತಿಲ್ಲ ವೈನಿ.”

“ನಿನಗ ಗೊತ್ತಿಲ್ದ ಯಾರಿಗೆ ಗೊತ್ತಿರತೈತಿ? ಬೆನ್ನ ತೋರ್ಸಿ ಕರಿಯಾಕಿ. ಮಾರಿ ತೋರ್ಸಾಕ ನಾಚಿಕಿ, ಉಳದದ್ದಕ್ಕ ನಾಚಿಕಿಲ್ಲ.”

ಸುಮಿತ್ರವ್ವ ರಸ್ತೆ ನೋಡುತ್ತ ಕುಳಿತಳು.

ಅವರ ತಂದೆಯ ಕಾಲದಿಂದಲೂ ಆ ಮನೆಯವರು ನಾಟಕ ಕಂಪನಿಗಳಿಗೆ ಪರದೆ ಬರೆದುಕೊಟ್ಟವರು. ಅರಮನೆ, ಕಾಡು, ನದಿ ಬರೆಯುವುದರಲ್ಲಿ ಸಕ್ರಪ್ಪನನ್ನು ಮೀರಿಸುವವರಿರಲಿಲ್ಲ. ಮನುಷ್ಯರನ್ನು ಬರೆದರೆ ಮಾತ್ರ ಜೋಳದ ಚೀಲಕ್ಕೆ ತಲೆ ಇಟ್ಟಂತೆ ಕಾಣುತ್ತಿತ್ತು. ಅಪ್ಪನ ಕಣ್ಣು ಮಂಜಾದ ಮೇಲೆ ಮನುಷ್ಯರನ್ನು ಬರೆಯುವ ಕೆಲಸ ಹದಿನೈದು ವರ್ಷದ ಸುಮಿತ್ರಾಳಿಗೆ ಬಂತು. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದಳು. ಹುಡುಗಿ ಬರೆದದ್ದೆಂದು ತಿಳಿದರೆ ಕಂಪನಿಯ ಮಾಲಕರು ಪರದೆ ಒಯ್ಯುತ್ತಿರಲಿಲ್ಲ. ಹಾಗಾಗಿ ಹೆಸರು ಅಣ್ಣನದು. ಅದರ ಬಗ್ಗೆ ಅಣ್ಣ ತಂಗಿ ಒಂದು ದಿನವೂ ಮಾತಾಡಿರಲಿಲ್ಲ. ಸಕ್ರಪ್ಪ ಕೆಟ್ಟವನಲ್ಲ. ಒಳ್ಳೆಯ ಕುಂಚಗಳನ್ನೆಲ್ಲ ತಂಗಿಗೆ ಬಿಟ್ಟು, ಸವೆದುಹೋದವುಗಳಲ್ಲಿ ತಾನು ಮೋಡ ಬರೆಯುತ್ತಿದ್ದ.

ಸುಮಿತ್ರಾಳಿಗೆ ಇಪ್ಪತ್ತಾದಾಗ ರಾಮವ್ವ ಬಂದಳು. ಕಳಸಾಪುರದವಳು, ಹೊಲಿಗೆ ಕಲಿಯಲೆಂದು ಬೆಟಗೇರಿಯ ಸೋದರಮಾವನ ಮನೆಗೆ ಬಂದಿದ್ದವಳು. ಒಂದೇ ಓಣಿ. ಮಧ್ಯಾಹ್ನ ಹೊಲಿಗೆ ಮುಗಿಸಿ ಸುಮಿತ್ರಾಳ ಹತ್ತಿರ ಬರುತ್ತಿದ್ದಳು. ಅಂಟು ಕಾಯಿಸಿ ಅದರಲ್ಲಿ ಬಣ್ಣದ ಪುಡಿ ಕಲಸಿಕೊಡುತ್ತಿದ್ದಳು. ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚುತ್ತಿದ್ದರು. ರಾಮವ್ವ ಬಾರದ ದಿನ ಸುಮಿತ್ರಾ ಊಟಕ್ಕೆ ಕೂರುತ್ತಿರಲಿಲ್ಲ. ಇದಕ್ಕೆ ಅವರು ಯಾವ ಹೆಸರನ್ನೂ ಇಟ್ಟಿರಲಿಲ್ಲ. ಅಂಥದಕ್ಕೊಂದು ಹೆಸರಿದೆ ಎಂದು ಆ ಓಣಿಯಲ್ಲಿ ಕೇಳಿದವರೂ ಇರಲಿಲ್ಲ.

ಎರಡನೆಯ ವರ್ಷ ಒಂದು ಮಧ್ಯಾಹ್ನ ರಾಮವ್ವ ತಲೆ ಎರೆದುಕೊಂಡು ಹಾಗೆಯೇ ಬಂದಳು. ಹಿತ್ತಲಲ್ಲಿ ಬೋರಲು ಹಾಕಿದ ನೀರಿನ ಬಾನಿಯ ಮೇಲೆ ಮನೆಗೆ ಬೆನ್ನು ಮಾಡಿ ಕುಳಿತಳು. ಸುಮಿತ್ರಾಳಿಗೆ ಆ ಕತ್ತು, ಆ ಇಳಿಬಿಟ್ಟ ಭುಜ ಕಂಡವು. “ಹಂಗಽ ಕುಂದರು, ಅಲ್ಲಾಡಬ್ಯಾಡ” ಎಂದು ಹೇಳಿ ಸಂಜೆಯವರೆಗೂ ಬರೆದಳು. ನನ್ನ ಮುಂದೆ ಭುಜ ಇಷ್ಟು ಸಡಿಲ ಬಿಟ್ಟು ಕುಳಿತಿದ್ದಾಳಲ್ಲ, ನನ್ನ ಹತ್ತಿರ ಇವಳಿಗೆ ಎಷ್ಟು ನೆಮ್ಮದಿ ಎಂದುಕೊಂಡಳು. ಮುಂದೆ ಅದನ್ನೇ ಪರದೆಗೆ ಏರಿಸಿದಳು, ಸಕ್ರಪ್ಪ ಸುತ್ತಲೂ ನದಿ ಬರೆದ. ಆ ಮಧ್ಯಾಹ್ನವಾಗಿ ಹದಿನೈದು ದಿನಕ್ಕೆ ರಾಮವ್ವ ಕಳಸಾಪುರಕ್ಕೆ ಹೋದಳು. ತಿಂಗಳೊಳಗೆ ಅವಳ ಮದುವೆ ಕೊರ್ಲಹಳ್ಳಿಗೆ ಆಯಿತು. ಸುಮಿತ್ರಾ ಜ್ವರ ಎಂದು ಹೇಳಿ ಹೋಗಲಿಲ್ಲ.

ಆ ಬೇಸಿಗೆ ಲಕ್ಷ್ಮೇಶ್ವರದಲ್ಲಿ ಕಂಪನಿ ಕ್ಯಾಂಪು ಹಾಕಿತು. ಅಣ್ಣ ಅವಳನ್ನು ನಾಟಕಕ್ಕೆ ಕರೆದೊಯ್ದ. ನದಿಯ ಪರದೆ ಇಳಿದ ಕೂಡಲೇ ನೆಲದಲ್ಲಿ ಕುಳಿತಿದ್ದ ಗಂಡಸರು ಸೀಟಿ ಹೊಡೆದರು. ನಾಯಕಿ ಬಂದು ಮಾತು ಶುರು ಮಾಡಿದರೂ ಸೀಟಿ ನಿಲ್ಲಲಿಲ್ಲ. “ಬೆನ್ನಿನ ಪರದಿ, ಬೆನ್ನಿನ ಪರದಿ” ಎಂದು ಒಬ್ಬ ಕೂಗಿದ, ಮುಂದೆ ಅದಕ್ಕೆ ಅದೇ ಹೆಸರಾಯಿತು. ಹೆಂಗಸರ ಕಡೆ ಕುಳಿತಿದ್ದ ಸುಮಿತ್ರಾ ಎದ್ದು ಹೊರಗೆ ಬಂದು, ಡೇರೆಯ ಹಗ್ಗ ಹಿಡಿದುಕೊಂಡು ನಿಂತಳು. ತಾನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದನ್ನು ತನ್ನ ಕೈಯಾರೆ ಬೀದಿಗೆ ಇಟ್ಟಂತಾಗಿತ್ತು. ಬೆಟಗೇರಿಗೆ ಬಂದ ಮೇಲೆ ಕುಂಚ ತೊಳೆದು ಅಣ್ಣನಿಗೆ ಕೊಟ್ಟು, ಹೊಲಿಗೆ ಮಶೀನಿನ ಮುಂದೆ ಕುಳಿತಳು. ಎರಡು ವರ್ಷದ ಮೇಲೆ ಗದಿಗೆವ್ವ ಸೊಸೆಯಾಗಿ ಬಂದಾಗ ಅವಳು ಕಂಡದ್ದು ಕುಪ್ಪಸ ಹೊಲಿಯುವ ನಾದಿನಿಯನ್ನು ಮಾತ್ರ.

ಪ್ರದರ್ಶನ ಶುರುವಾದ ನಾಲ್ಕನೆಯ ದಿನ ಅಂಕಿತಾ ಬೆಟಗೇರಿಗೆ ಬಂದಳು. ಡಿಗ್ರಿ ಕಡೆಯ ವರ್ಷದ ಹುಡುಗಿ. ಸ್ಕೂಟಿ ನಿಲ್ಲಿಸಿ ಒಳಗೆ ಬಂದು ಹೊಸ್ತಿಲಲ್ಲೇ ಕುಳಿತಳು.

“ಸುಮಿತ್ರಜ್ಜಿ, ನಮ್ಮಜ್ಜಿ ಅಜ್ಜನ ಫೋಟೊ ತಗದು ಟ್ರಂಕಿನಾಗ ಇಟ್ಟಾಳ. ಸರಿಯಾಗಿ ಉಣ್ಣವಲ್ಲಳು. ಅಪ್ಪ ಸಮಾಧಾನ ಮಾಡಾಕ ಹೋದ್ರ, ‘ನಿನಗೇನ ಗೊತ್ತು’ ಅಂತ ಬೈತಾಳ.”

ಸುಮಿತ್ರವ್ವನ ಕೈ ಮಶೀನಿನ ಚಕ್ರದ ಮೇಲೆಯೇ ನಿಂತಿತು.

“ನಾ ಮತ್ತ ಹೋಗಿ ನೋಡಿಬಂದೆ ಅಜ್ಜಿ,” ಎಂದಳು ಅಂಕಿತಾ. “ಆ ಸರ್ ಹೇಳಿದ್ದು ನನಗ ಖರೆ ಅನಸೂದಿಲ್ಲ. ಅದನ್ನ ಗಂಡಸು ನೋಡಿ ಬರದಿಲ್ಲ.”

“ಯಾಕ ಹಂಗಂತಿ?”

“ಬಸ್ ಸ್ಟ್ಯಾಂಡಿನಾಗ ಹಿಂದ ಗಂಡಸು ನಿಂತ್ರ ನೋಡದಽ ನಮಗ ಗೊತ್ತಾಗತೈತಿ. ಬೆನ್ನು ತಾನಽ ಬಿಗೀತೈತಿ, ಕೈ ತಾನಽ ಓಢಣಿಗೆ ಹೋಗತೈತಿ. ಅಕಿ ನೋಡ್ರಿ, ಭುಜ ಹೆಂಗ ಬಿಟ್ಟು ಕುಂತಾಳ. ಹಿಂದ ಯಾರೋ ಅದಾರಂತ ಅಕಿಗೆ ಗೊತ್ತೈತಿ, ಆದ್ರ ಹೆದರಿಲ್ಲ. ಹಿಂದ ಇರಾಕಿ ಹೆಂಗಸಽ ಇರಬೇಕು.”

ಇಷ್ಟು ಹೇಳಿ ಅವಳು ಸುಮಿತ್ರವ್ವನ ಮುಖ ನೋಡಿದಳು. ಸುಮಿತ್ರವ್ವ ದಾರ ಹಲ್ಲಿನಿಂದ ಕಡಿದು, ಕುಪ್ಪಸ ಮಡಚಿಟ್ಟು, ಕೊನೆಗೆ ಕೇಳಿದಳು, “ನಿನ್ನ ಫೋನಿನಾಗ ಅದರ ಫೋಟೊ ಐತೇನು? ಕಾಗದದ ಮ್ಯಾಲ ತಗಿಸಿಕೊಡ್ತಿಯಾ?”

ಗದಿಗೆವ್ವನಿಗೆ ಹೇಳಲೇಬೇಕಿತ್ತು. ಆದರೆ ಹೇಳುವ ಮೊದಲು ಇನ್ನೊಬ್ಬರನ್ನು ಕೇಳಬೇಕಿತ್ತು. ಬರೆದ ಕೈ ತನ್ನದಾದರೂ ಬೆನ್ನು ತನ್ನದಲ್ಲ.

ಮರುದಿನ ಮುಂಡರಗಿ ಬಸ್ಸು ಹತ್ತಿದಳು. ಆ ಬಸ್ಸು ಗದಗಿನಿಂದ ಹೊರಡುವುದನ್ನು ಎಷ್ಟೋ ಸಲ ನಿಂತು ನೋಡಿದ್ದಳು, ಒಮ್ಮೆಯೂ ಹತ್ತಿರಲಿಲ್ಲ. ಮುಂಡರಗಿಯಲ್ಲಿ ಇಳಿದು ಕೊರ್ಲಹಳ್ಳಿಯ ಬಸ್ಸು ಹಿಡಿದಳು. ರಾಮವ್ವ ಇದ್ದಾಳೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ.

ಇದ್ದಳು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಮೈ ತುಂಬಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕುಂಕುಮವಿರಲಿಲ್ಲ. ಬಾಗಿಲಲ್ಲಿ ನಿಂತವಳನ್ನು ಒಂದು ಗಳಿಗೆ ನೋಡಿದಳು.

“ಬೆಟಗೇರಿ ಸುಮಿತ್ರಾ ಏನು?”

“ಹೂಂ.”

“ಬಾ. ಕುಂದರು.” ಪಕ್ಕದ ಶೇಂಗಾ ಸಿಪ್ಪೆ ಸರಿಸಿ ಜಾಗ ಮಾಡಿದಳು, ನಿನ್ನೆ ಬಂದು ಹೋದವಳಿಗೆ ಮಾಡುವಂತೆ.

ಸೊಸೆ ಉಪ್ಪಿಟ್ಟು, ಚಹಾ ತಂದಳು. ಮನೆಯಲ್ಲಿ ಮೊಮ್ಮಗನ ಮದುವೆಯ ಮಾತು ನಡೆದಿತ್ತು, ಬಂದು ಹೋಗುವವರು ಬಹಳ. ಸ್ವಲ್ಪ ಹೊತ್ತಾದ ಮೇಲೆ ರಾಮವ್ವ ತಾನೇ “ಹೊಳಿ ಕಡೆ ಹೋಗಿಬರೂಣು ಬಾ” ಎಂದು ಎದ್ದಳು. ತುಂಗಭದ್ರೆಯಲ್ಲಿ ನೀರು ಸಾಕಷ್ಟಿತ್ತು. ಇಬ್ಬರೂ ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು. ಸುಮಿತ್ರವ್ವ ಚೀಲದಿಂದ ಫೋಟೊ ತೆಗೆದು ಕೊಟ್ಟಳು. ರಾಮವ್ವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಇದು ನಾನೇನು? ನನ್ನ ಬೆನ್ನು ನಾ ಎಲ್ಲಿ ನೋಡೇನಿ?” ಎಂದಳು.

“ಚಂದ ಕುಂತಿದ್ದಿ ಅವತ್ತು,” ಎಂದಳು ಸುಮಿತ್ರವ್ವ. “ಎಷ್ಟ ಆರಾಮ ಕುಂತಿದ್ದಿ. ಅದನ್ನಽ ನೆನಸಿಕೊಂಡು ಇಷ್ಟು ದಿನ...”

“ಆರಾಮ?” ರಾಮವ್ವ ಅವಳ ಕಡೆ ತಿರುಗಿದಳು. “ಹಿಂದಿನ ದಿನ ನನ್ನ ಮದುವಿ ನಿಶ್ಚಯ ಆಗಿತ್ತು ಸುಮಿತ್ರಾ. ಮಾವ ರಾತ್ರಿ ಹೇಳಿದ. ನಿನಗ ಹೇಳಬೇಕಂತ ತಲಿ ಸೈತ ಒಣಗಸದಽ ಓಡಿಬಂದೆ. ನಿನ್ನ ಮಾರಿ ನೋಡಿ ಹೇಳಾಕ ಆಗಲಿಲ್ಲ, ಅದಕ್ಕ ಆ ಕಡೆ ತಿರಗಿ ಕುಂತೆ. ಬಾಯಿ ತಗೀಬೇಕು, ನೀ ಅಲ್ಲಾಡಬ್ಯಾಡ ಅಂದಿ. ಕಣ್ಣೀರು ಒರಸಿಕೊಳ್ಳಾಕ ಕೈ ಎತ್ತಿದ್ರ, ಕೈ ಇಳಸು ಅಂತ ಬೈದಿ.”

ಸುಮಿತ್ರವ್ವನಿಗೆ ಆ ಮಧ್ಯಾಹ್ನವೆಲ್ಲ ಕಣ್ಣ ಮುಂದೆ ಬಂತು. ಕೈ ಇಳಿಸು ಎಂದದ್ದು ನಿಜ. ಕೈ ಎತ್ತಿದಾಗ ಭುಜದ ಗೆರೆ ಕೆಡುತ್ತಿತ್ತು.

“ಅಳಾಕತ್ತಿದ್ದೆ?”

“ಮತ್ತೇನು? ಸಂಜಿತನಕ ಅತ್ತೆ. ಒಂದು ಸಲರ ಬರಿಯೂದ ಬಿಟ್ಟು ಮುಂದ ಬಂದು ಮಾರಿ ನೋಡ್ತಿ ಅನಕೊಂಡೆ. ನೀ ನನ್ನ ನೋಡವಲ್ಲಿ, ಚಿತ್ರ ನೋಡಾಕತ್ತಿದ್ದಿ.”

ಆಚೆ ದಂಡೆಯಲ್ಲಿ ಯಾರೋ ಎತ್ತಿನ ಮೈ ತೊಳೆಯುತ್ತಿದ್ದರು. ಸುಮಿತ್ರವ್ವ ಅದನ್ನೇ ನೋಡುತ್ತ ಕೇಳಿದಳು, “ನೋಡಿದ್ರ ಏನರ ಆಗತಿತ್ತಾ?”

“ಏನ ಆಗತಿತ್ತು ಆಗಿನ ಕಾಲದಾಗ? ಏನೂ ಆಗತಿದ್ದಿಲ್ಲ. ಇದಽ ಗಂಡ, ಇದಽ ಊರು.” ರಾಮವ್ವ ಫೋಟೊವನ್ನು ಮಡಿಲಲ್ಲಿಟ್ಟು ಅಂಗೈಯಿಂದ ಸವರಿದಳು. “ಆದ್ರ ನೀ ನೋಡಿರತಿದ್ದಿ. ಅಷ್ಟ.”

ನಲವತ್ತನಾಲ್ಕು ವರ್ಷ ಸುಮಿತ್ರವ್ವ ಆ ಒಂದು ಮಧ್ಯಾಹ್ನದ ಜೊತೆ ಬದುಕಿದ್ದಳು. ಅದರಲ್ಲಿ ಇಬ್ಬರಿದ್ದರು ಎಂದು ತಿಳಿದಿದ್ದಳು. ತಾನು ಆಗಲೂ ಒಬ್ಬಳೇ ಇದ್ದಳು. ಅವಳಿಗೆ ಅಳು ಬರಲಿಲ್ಲ. ರಾಮವ್ವ ಅವಳ ಕೈ ಹಿಡಿದುಕೊಂಡಳು. ಶೇಂಗಾದ ಮಣ್ಣು ಮೆತ್ತಿದ ಒರಟು ಕೈ.

ಬಂದ ಕಾರಣ ಹೇಳಿದಾಗ ರಾಮವ್ವ ಯೋಚಿಸಿದಳು. “ನೀ ಬರದಿ ಅಂತ ಹೇಳು. ಗದಿಗೆವ್ವ ಯಾಕ ಸುಮ್ಮನ ಸಂಕಟ ಪಡಬೇಕು? ಆದ್ರ ನಾ ಅಂತ ಹೇಳಬ್ಯಾಡ. ಮನ್ಯಾಗ ಮದುವಿ ಐತಿ, ಬೀಗರು ಬರೋ ಹೊತ್ತು.”

“ಹೇಳೂದಿಲ್ಲ.”

ರಾಮವ್ವ ಬಸ್ಸಿನವರೆಗೆ ಬಂದು ಬೀಳ್ಕೊಟ್ಟಳು. ಮತ್ತೆ ಬಾ ಎಂದು ಅವಳೂ ಹೇಳಲಿಲ್ಲ, ಬರುತ್ತೇನೆ ಎಂದು ಇವಳೂ ಹೇಳಲಿಲ್ಲ. ಫೋಟೊ ಮಾತ್ರ ರಾಮವ್ವನ ಮಡಿಲಿನಿಂದ ತಿರುಗಿ ಬರಲಿಲ್ಲ.

ಚಿತ್ರ ತನ್ನದೆಂದು ಸುಮಿತ್ರವ್ವ ಹೇಳಿದಾಗ ಗದಿಗೆವ್ವ ಮೊದಲು ನಂಬಲಿಲ್ಲ. “ಅವರ ಮಾನ ಉಳಸಾಕ ನೀ ಸುಳ್ಳ ಹೇಳಾಕತ್ತಿ,” ಎಂದಳು. ಸುಮಿತ್ರವ್ವ ಅಂಕಿತಾಳ ನೋಟುಬುಕ್ಕು, ಪೆನ್ಸಿಲ್ಲು ಇಸಿದುಕೊಂಡು ಅತ್ತಿಗೆಯ ಮುಂದೆ ಕುಳಿತಳು. ಬೆರಳು ಮೊದಲು ಮಾತು ಕೇಳಲಿಲ್ಲ. ಎರಡು ಹಾಳೆ ಹರಿದು ಹಾಕಿದಳು. ಮೂರನೆಯದರಲ್ಲಿ ಗದಿಗೆವ್ವನ ಕೈ ಬಂತು. ಸವೆದ ಬಳೆ, ಉಬ್ಬಿದ ನರ, ಒಲೆಯಲ್ಲಿ ಸುಟ್ಟ ಹಳೆಯ ಕಲೆ ಕೂಡ. ಗದಿಗೆವ್ವ ಆ ಹಾಳೆಯನ್ನೂ ತನ್ನ ಕೈಯನ್ನೂ ನೋಡಿದಳು.

“ಅಂದ್ರ ಅವರು ಯಾರನ್ನೂ ನೋಡಿದ್ದಿಲ್ಲ.”

“ಇಲ್ಲ ವೈನಿ. ಅಣ್ಣ ನೀರು ನೋಡಿದ್ದ.”

ಗದಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಎದ್ದು ಹೋಗಿ ಟ್ರಂಕು ತೆರೆದು ಗಂಡನ ಫೋಟೊ ಹೊರಗೆ ತೆಗೆದಳು. ಅದರ ಗಾಜು ಒರೆಸುತ್ತ ಕೇಳಿದಳು, “ಹಂಗಾರ ಅಕಿ ಯಾರು?” ಉತ್ತರಕ್ಕೆ ಕಾಯಲಿಲ್ಲ. “ಯಾರರ ಇರವಲ್ಲಳ್ಯಾಕ. ಹೆಂಗಸು ಹೆಂಗಸನ್ನ ಬರದ್ರ ಅದರಾಗ ಏನೈತಿ ಬಿಡು.”

ಬಾಗಿಲಿಗೆ ಒರಗಿ ನಿಂತಿದ್ದ ಅಂಕಿತಾ ಸುಮಿತ್ರವ್ವನ ಕಡೆ ನೋಡಿದಳು. ಸುಮಿತ್ರವ್ವ ನೋಟುಬುಕ್ಕಿನ ಅಂಚು ಸರಿಮಾಡುತ್ತಿದ್ದಳು.

ಪ್ರದರ್ಶನದ ಕೊನೆಯ ದಿನ ವಿರೂಪಾಕ್ಷಪ್ಪನವರು ಅವಳನ್ನು ಕರೆಸಿದರು. ಅಂಕಿತಾ ಮೊದಲೇ ಹೋಗಿ ಎಲ್ಲ ಹೇಳಿ, ನೋಟುಬುಕ್ಕಿನ ಹಾಳೆಯನ್ನೂ ತೋರಿಸಿದ್ದಳು. ಅವರಿಗೆ ನಾಚಿಕೆಯೂ ಸಂಭ್ರಮವೂ ಒಟ್ಟಿಗೆ ಆಗಿದ್ದವು. ಕೈ ಮುಗಿದು ಕುರ್ಚಿಯಲ್ಲಿ ಕೂರಿಸಿದರು. ಪರದೆಯ ಕೆಳಗೆ ಹಾಕಲು ಹೊಸದಾಗಿ ಬರೆದದ್ದನ್ನು ಓದಿ ತೋರಿಸಿದರು.

“‘ಇದು ಹೆಣ್ಣೊಬ್ಬಳ ಕೃತಿ. ಆದ್ದರಿಂದ ಇಲ್ಲಿ ಕಾಮನೆಯ ಸೋಂಕಿಲ್ಲ. ಹೆಣ್ತನದ ಸಹಜ ಲಜ್ಜೆ, ನಿರ್ಮಲವಾದ ಸೌಂದರ್ಯ...’ ಹೆಂಗ ಐತ್ರೆವ್ವಾ? ಏನರ ತಪ್ಪಿದ್ರ ಹೇಳ್ರಿ.”

ಸುಮಿತ್ರವ್ವ ಪರದೆಯನ್ನು ನೋಡಿದಳು. ಪ್ರದರ್ಶನ ಶುರುವಾದಂದಿನಿಂದ ಅದನ್ನು ನೇರವಾಗಿ ನೋಡಿರಲೇ ಇಲ್ಲ. ಈಗ ನೋಡಿದರೆ ಆ ಭುಜಗಳಲ್ಲಿ ಅಳು ಇತ್ತು, ಯಾರಾದರೂ ನೋಡಬಹುದಾಗಿತ್ತು. ತಾನು ನೆಮ್ಮದಿ ಎಂದುಕೊಂಡು ಬರೆದಿದ್ದಳು, ಕೈ ಮಾತ್ರ ಕಂಡದ್ದನ್ನು ಬರೆದಿತ್ತು. ಆದರೆ ಆ ಕತ್ತಿನ ಮೇಲಿನ ಬೆಳಕು, ಕೂದಲ ಬುಡದ ಒಂದೊಂದು ಹನಿ, ಅವು ತನ್ನವು. ಅವುಗಳಲ್ಲಿ ಸುಳ್ಳಿರಲಿಲ್ಲ.

“ಸರ, ಮೊದಲ ದಿನ ನೀವು ಮಾತಾಡಿದ್ರೆಲ್ಲ, ಹಂಬಲ ಅಂತ?”

“ಅದು ಗಂಡಸು ಬರದಾನಂತ ತಿಳಿದು ಹೇಳಿದ್ದರೆವ್ವಾ. ತಪ್ಪಾತು.”

“ಚಿತ್ರ ಅದಽ ಐತೆಲ್ರಿ.”

ಅವರಿಗೆ ಕೂಡಲೇ ತಿಳಿಯಲಿಲ್ಲ. ಸುಮಿತ್ರವ್ವನ ದನಿ ಸಣ್ಣದಾಗಿತ್ತು, ಆದರೂ ತಡವರಿಸಲಿಲ್ಲ. “ಬರದವರ ಹೆಸರು ಬದಲಾದ್ರ ಅದರೊಳಗಿನ ಆಸಿ ಎಲ್ಲಿಗೆ ಹೋಗತೈತ್ರಿ? ಅದನ್ನ ಅಳಸಬ್ಯಾಡ್ರಿ. ಬೇಕಾದ್ರ ನನ್ನ ಹೆಸರು ಬಿಡ್ರಿ.”

ವಿರೂಪಾಕ್ಷಪ್ಪನವರು ಕನ್ನಡಕ ತೆಗೆದರು. ಅವಳನ್ನೂ ಪರದೆಯನ್ನೂ ನೋಡಿದರು. ಕೈಯಲ್ಲಿದ್ದ ಕಾಗದವನ್ನು ನಿಧಾನವಾಗಿ ಎರಡಾಗಿ ಮಡಚಿದರು. “ಹಂಗಾರ ನಾ ಏನೂ ಬರಿಯೂದಿಲ್ಲ. ನೋಡಿದವರು ನೋಡ್ಲಿ,” ಎಂದರು. ಬೇರೆ ಕಾಗದ ತೆಗೆದು ಒಂದೇ ಸಾಲು ಬರೆದರು: ‘ಚಿತ್ರ: ಸುಮಿತ್ರವ್ವ. ನದಿ: ಸಕ್ರಪ್ಪ. ಬೆಟಗೇರಿ, ೧೯೮೦.’

ಅದು ಆ ದಿನ ಸಂಜೆಯವರೆಗೆ ಮಾತ್ರ ಅಲ್ಲಿತ್ತು. ಐದು ಗಂಟೆಗೆ ಆಳುಗಳು ಬಂದು ಪರದೆ ಇಳಿಸಿದರು. ನೆಲದ ಮೇಲೆ ಹಾಸಿ, ಬಿದಿರಿನ ಗಳಕ್ಕೆ ಕೆಳಗಿನಿಂದ ಸುತ್ತತೊಡಗಿದರು. ನೀರು ಹೋಯಿತು, ಕಲ್ಲು ಹೋಯಿತು, ಬೆನ್ನು ಹೋಯಿತು. ಕತ್ತಿನವರೆಗೆ ಬಂದಾಗ ಒಬ್ಬ ಆಳು ಸುಮ್ಮನೆ ಒಂದು ಕ್ಷಣ ಕೈ ನಿಲ್ಲಿಸಿ ನೋಡಿದ. ಅವನಿಗೆ ಏನು ಕಂಡಿತೋ. ಮತ್ತೆ ಸುತ್ತಿದ.

“ಬಿಟ್ಟು ಬರ್ತೀನಿ ಅಜ್ಜಿ,” ಎಂದು ಅಂಕಿತಾ ಸ್ಕೂಟಿ ತಂದಳು. ಬೆಟಗೇರಿಯಲ್ಲಿ ಇಳಿಸುವಾಗ, “ಚಿತ್ರದಾಗಿನವರು ಈಗ ಅದಾರೇನ್ರಿ?” ಎಂದಳು.

“ಅದಾಳ.”

ಅಂಕಿತಾ ತಲೆಯಾಡಿಸಿದಳು. ಅದಕ್ಕಿಂತ ಹೆಚ್ಚು ಯಾರೂ ಸುಮಿತ್ರವ್ವನನ್ನು ಆ ವಿಷಯ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಅವಳು ಬೀಗ ತೆಗೆದು ಒಳಗೆ ಹೋದಳು. ದೀಪ ಹಚ್ಚುವ ಮೊದಲು ಹಿತ್ತಲ ಬಾಗಿಲು ತೆರೆದು ಹೊರಗೆ ಬಂದು ನಿಂತಳು. ಹಿತ್ತಲಿನ ಅರ್ಧಕ್ಕೆ ಪಕ್ಕದವರ ಹೊಸ ಗೋಡೆ ಎದ್ದಿತ್ತು, ಕಾಲಿಡಲು ಉಳಿದದ್ದು ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆಯನ್ನು ನಡೆದು, ಅಂದು ಬಾನಿ ಇದ್ದ ಜಾಗವನ್ನು ದಾಟಿ, ಗೋಡೆಯವರೆಗೆ ಹೋಗಿ, ತಿರುಗಿ ಮನೆಯ ಕಡೆ ಮುಖ ಮಾಡಿ, ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದಳು.